ಪೆನ್‌ಡ್ರೈವ್ ಉಬುಂಟುವಿನಲ್ಲಿ ಫೈಲ್ ಉಳಿಯೋಕೆ

ಪುಣೆಯ ಪಿಜಿಯಲ್ಲಿ ರೂಮ್‌ಮೇಟ್ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿ ಉಬುಂಟು (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂ) ಓಡಿಸ್ತೀನಿ, ರೀಸ್ಟಾರ್ಟ್ ಆದ್ರೆ ಫೈಲ್, ವೈಫೈ ಪಾಸ್‌ವರ್ಡ್ ಎಲ್ಲ ಮಾಯ ಅಂದಿದ್ದೀರಿ. ಡ್ರೈವ್ ಕೆಟ್ಟಿಲ್ಲ. ಪೆನ್‌ಡ್ರೈವ್‌ಗೆ ಉಬುಂಟು ಹಾಕೋ ಎಚರ್ ಅನ್ನೋ ಸಾಫ್ಟ್‌ವೇರ್, ಐಎಸ್‌ಒ (ಉಬುಂಟುವಿನ ಡೌನ್‌ಲೋಡ್ ಫೈಲ್) ಇದ್ದ ಹಾಗೇ ಬರೆದುಬಿಡುತ್ತೆ; ನೀವು ಮಾಡಿದ ಬದಲಾವಣೆ ರ್‍ಯಾಮ್‌ನಲ್ಲಿದ್ದು, ಆಫ್ ಮಾಡಿದ ತಕ್ಷಣ ಹೋಗುತ್ತೆ.

ಅದರ ಬದಲು ವಿಂಡೋಸ್‌ನಲ್ಲಿ ರೂಫಸ್ ಅನ್ನೋ ಸಾಫ್ಟ್‌ವೇರ್ ಬಳಸಿ. ಐಎಸ್‌ಒ ಆರಿಸಿದ ಮೇಲೆ ಕೆಳಗೆ 'ಪರ್ಸಿಸ್ಟೆಂಟ್ ಪಾರ್ಟಿಷನ್ ಸೈಜ್' (ನಿಮ್ಮ ಫೈಲ್ ಉಳಿಯೋ ಭಾಗದ ಅಳತೆ) ಅಂತ ಜಾರುಪಟ್ಟಿ ಬರುತ್ತೆ. ಅದು ಸೊನ್ನೆಯಲ್ಲೇ ಕೂತಿರುತ್ತೆ, ಎಷ್ಟೋ ಜನ ಗಮನಿಸೋದೇ ಇಲ್ಲ. 32 ಜಿಬಿ ಡ್ರೈವಾದ್ರೆ ಧಾರಾಳವಾಗಿ 15 ಜಿಬಿವರೆಗೆ ಎಳೀರಿ. ಐಎಸ್‌ಒ ಮೋಡೋ ಡಿಡಿ ಮೋಡೋ ಅಂತ ಕೇಳಿದ್ರೆ ಐಎಸ್‌ಒ ಅನ್ನಿ. ಡಿಡಿ ಅಂದ್ರೆ ಎಚರ್ ಥರ ಇದ್ದ ಹಾಗೇ ಬರೆಯುತ್ತೆ, ಮತ್ತೆ ಮೊದಲಿನ ಕಥೆಯೇ. ಡ್ರೈವಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ.

ಮುಂಬೈಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಲ್ಯಾಮಿಂಗ್ಟನ್ ರೋಡಲ್ಲಿ ಪೆನ್‌ಡ್ರೈವ್ ತಗೊಳ್ಳೋದಾದ್ರೆ ಯುಎಸ್‌ಬಿ 3.0 ಕೇಳಿ. ಚಿಲ್ಲರೆ ಬೆಲೆಗೆ '1 ಟಿಬಿ' ಅಂತ ಕೊಟ್ರೆ ಎಚ್2ಟೆಸ್ಟ್‌ಡಬ್ಲ್ಯು (ಡ್ರೈವ್‌ನ ನಿಜವಾದ ಅಳತೆ ಪರೀಕ್ಷಿಸೋ ಸಾಫ್ಟ್‌ವೇರ್) ಓಡಿಸದೆ ನಂಬಬೇಡಿ, ಸುಳ್ಳು ಅಳತೆಯವು ಬೇಕಾದಷ್ಟಿವೆ.

ಹೀಗೆ ಮಾಡಿದ ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು, ಉಳಿಯುತ್ತೆ. ಕರ್ನಲ್ (ಉಬುಂಟುವಿನ ತಿರುಳು) ಅಪ್‌ಡೇಟ್ ಮಾತ್ರ ಸುಮ್ಮನೆ ಜಾಗ ತಿನ್ನುತ್ತೆ, ಬೂಟ್ ಆಗೋದು ಐಎಸ್‌ಒದ ಹಳೇ ಕರ್ನಲ್ಲೇ. ಇನ್ನು, ಫೈಲ್ ಉಳಿಯೋ ಆ ಪಾರ್ಟಿಷನ್‌ಗೆ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಬೀಗ) ಇಲ್ಲ. ಡ್ರೈವ್ ಸಿಕ್ಕವರು ಎಲ್ಲ ಓದಬಹುದು, ಬ್ಯಾಂಕ್ ಕಾಗದ ಅದರಲ್ಲಿ ಇಡಬೇಡಿ.