ಮಳೆ ಬಂದರೆ ನಿಮ್ಮ ಆ್ಯಪ್ ಏನು ಮಾಡುತ್ತದೆ?

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟವಾಗಿದೆ. ತೋಟದವರು ಅವರನ್ನು ಬುಕ್ ಮಾಡುವಂಥ ಆ್ಯಪ್ ಮಾಡಿ ವ್ಯಾಪಾರ ಶುರು ಮಾಡಬೇಕೆಂದಿದ್ದೇನೆ. ಬೆಂಗಳೂರಿನ ಒಬ್ಬರು ಲಾಗಿನ್, ಜಿಪಿಎಸ್, ವಾಲೆಟ್, ರೇಟಿಂಗ್ ಎಲ್ಲ ಸೇರಿ 6.5 ಲಕ್ಷ, 5 ತಿಂಗಳು ಎಂದಿದ್ದಾರೆ. ನನ್ನ ಹತ್ತಿರ ಇರುವುದು 3 ಲಕ್ಷ. ‘ಮೊದಲು ಎಂವಿಪಿ (ತೀರಾ ಬೇಕಾದಷ್ಟೇ ಇರುವ ಮೊದಲ ಆವೃತ್ತಿ) ಮಾಡು’ ಎನ್ನುತ್ತಾನೆ ತಮ್ಮ. ಅದರಲ್ಲಿ ಏನು ಇಟ್ಟುಕೊಳ್ಳಲಿ, ಏನು ಬಿಡಲಿ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಎಲ್ಲವನ್ನೂ ಬಿಡಿ. ಸಿಟ್ಟಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಆ್ಯಪ್ ಮಾಡಲು ಆಗುತ್ತದೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇಲ್ಲ. ಹೇಳಿದ ದಿನ ಕೊನೆಗೌಡರು ತೋಟಕ್ಕೆ ಬರುತ್ತಾರಾ, ಅದಕ್ಕೆ ತೋಟದವರು ನಿಮಗೆ ದುಡ್ಡು ಕೊಡುತ್ತಾರಾ? ಅನುಮಾನ ಇರುವುದು ಅಲ್ಲಿ. ಅದನ್ನು ಕಡಿಮೆ ಖರ್ಚಿನಲ್ಲಿ ತಿಳಿದುಕೊಳ್ಳುವುದಕ್ಕೇ ಎಂವಿಪಿ ಎನ್ನುವುದು. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಊರಿನ ಅಂಗಡಿಯಲ್ಲಿದ್ದ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಪೂರ್ತಿ ದರಕ್ಕೆ ಕೊಂಡು ಕಳಿಸಿದರು. ಅದೇ ಮುಂದೆ ಜ್ಯಾಪೋಸ್ ಎಂಬ ಆನ್‌ಲೈನ್ ಶೂ ಅಂಗಡಿ ಆಯಿತು. 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು.

ನನಗೆ ಈ ಬುದ್ಧಿ ತಡವಾಗಿ ಬಂತು. ಹಾಲು ಹಾಕುವವರ ಲೆಕ್ಕಕ್ಕೆ ಆ್ಯಪ್ ಮಾಡಲು ಹಿಂದೊಮ್ಮೆ 8 ತಿಂಗಳು ಕೂತಿದ್ದೆ. ನಾಲ್ಕು ಭಾಷೆ, ಬಣ್ಣಬಣ್ಣದ ಗ್ರಾಫ್. ಮೊದಲ ದಿನವೇ ಹಾಲಿನವರು, “ಊರಿಗೆ ಹೋಗ್ತೀವಿ, ನಾಲ್ಕು ದಿನ ಹಾಲು ಬೇಡ ಅಂತಾರಲ್ಲ ಸರ್, ಅದನ್ನ ಎಲ್ಲಿ ಬರೀಲಿ?” ಎಂದು ಕೇಳಿದರು. ಆ ಜಾಗವನ್ನೇ ನಾನು ಮಾಡಿರಲಿಲ್ಲ! ಒಂದು ವಾರ ಬೆಳಗ್ಗೆ ಅವರ ಜೊತೆ ಮನೆಮನೆ ಸುತ್ತಿದ್ದರೆ ಸಾಕಿತ್ತು.

ನೀವು ಮುಂಗಾರಿಗೆ ಮುಂಚೆ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸದಿಂದ ಶುರು ಮಾಡಿ. 20 ತೋಟ, 4 ಕೊನೆಗೌಡರು, ಒಂದು ಫೋನ್ ನಂಬರ್, ಒಂದು ಗೂಗಲ್ ಶೀಟ್. ಕೊನೆಗೌಡರಿಗೆ ನೀವೇ ಫೋನ್ ಮಾಡಿ. ಮರದ ತುದಿಯಲ್ಲಿ ಇರುವವರು ನೋಟಿಫಿಕೇಶನ್ ನೋಡುತ್ತಾ ಕೂರುವುದಿಲ್ಲ. ಜಿಪಿಎಸ್ ಅಂತೂ ಬೇಡವೇ ಬೇಡ, ತೋಟದ ದಾರಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಪ್ರತಿ ಬುಕಿಂಗಿಗೆ 100 ರೂಪಾಯಿ ಯುಪಿಐಯಲ್ಲಿ ಮುಂಗಡ ತೆಗೆದುಕೊಳ್ಳಿ. ‘ಒಳ್ಳೇ ಐಡಿಯಾ’ ಅಂತ ಸುಮ್ನೆ ಹೇಳುವವರು ಜಾಸ್ತಿ. ದುಡ್ಡು ಕೊಟ್ಟವರನ್ನು ಮಾತ್ರ ಲೆಕ್ಕ ಹಿಡಿಯಿರಿ.

ನಿಮ್ಮ ನಿಜವಾದ ತಲೆನೋವು ಮಳೆ ಎಂದು ನನ್ನ ಅಂದಾಜು. ಮೈಲುತುತ್ತ-ಸುಣ್ಣದ ಆ ಮದ್ದು ಹೊಡೆಯಲು ಹೊಳವು, ಅಂದರೆ ಮಳೆ ಬಿಡುವು ಬೇಕು, ಅಲ್ವಾ? ಒಂದು ದಿನ ಮಳೆ ಹಿಡಿದರೆ ಹಿಂದೆ ಕಾದಿರುವ ಅಷ್ಟೂ ತೋಟಗಳ ಸರದಿ ಜಾರುತ್ತದೆ. ಎಲ್ಲರೂ ನಿಮಗೇ ಫೋನ್ ಮಾಡುತ್ತಾರೆ. ಹಾಗಾದರೆ ನೀವು ಮಾಡಿಸಬೇಕಾದ ಮೊದಲ ಸಾಫ್ಟ್‌ವೇರ್ ತೋಟದವರ ಆ್ಯಪ್ ಅಲ್ಲವೇ ಅಲ್ಲ. ಸರದಿ ಮುಂದೆ ಹಾಕಿ ಎಲ್ಲರಿಗೂ ಮೆಸೇಜ್ ಕಳಿಸುವ ಒಂದೇ ಒಂದು ಪುಟ, ಅದೂ ನಿಮ್ಮ ಬಳಕೆಗೆ. ಆ 6.5 ಲಕ್ಷದ ಪಟ್ಟಿಯಲ್ಲಿ ಇದು ಇದೆಯಾ, ನೋಡಿ.

ಅದನ್ನು ಮಾಡಿಸುವಾಗ ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ), ಡೊಮೇನ್ (ವೆಬ್ ವಿಳಾಸ), ಸರ್ವರ್ ಖಾತೆ ನಿಮ್ಮ ಹೆಸರಲ್ಲೇ ಇರಲಿ. ದುಡ್ಡು ಕಂತಿನಲ್ಲಿ ಕೊಡಿ. ಮದ್ದಿನ ಕೆಲಸ ಮುಗಿದ ಮೇಲೆ ನಿಮ್ಮ ಶೀಟ್ ಕಳಿಸಿ, ಕೂತು ನೋಡೋಣ.