ಬಿ.ಎ.ಯಲ್ಲಿ ಶೇಕಡಾ 48 ಮಾತ್ರ ಬಂತು. ಊರು ಶಿರಸಿ. ಮುಂದೇನು ಮಾಡಲಿ?

ಮೊದಲು ಎರಡು ದಿನ ಸುಮ್ನೆ ಇರಿ, ಬೇಜಾರಾಗುವುದು ಸಹಜ. ನನಗೂ 47 ಬಂದಿತ್ತು. ಕುಮಟಾದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ದೇವಿಮನೆ ಘಟ್ಟದಲ್ಲಿ ಜೋರು ಮಳೆ, ಮೊಬೈಲ್‌ನಲ್ಲಿ ಅದೇ ಅಂಕಗಳನ್ನು ಹತ್ತು ಸಲ ನೋಡಿದೆ. ಮನೆಗೆ ಬಂದರೆ ಆಯಿ ಏನೂ ಕೇಳದೆ ಬಿಸಿ ಕಷಾಯ ತಂದಿಟ್ಟಳು. ಅದು ಇವತ್ತಿಗೂ ನೆನಪಿದೆ.

ಯಾವುದಾದರೂ ಒಂದು ವಿಷಯದಲ್ಲಿ ಅಂಕ ತೀರಾ ಕಡಿಮೆ ಅನ್ನಿಸಿದರೆ ಉತ್ತರ ಪತ್ರಿಕೆಯ ಜೆರಾಕ್ಸ್ ಪ್ರತಿ ತರಿಸಿ, ಪಾಠ ಮಾಡಿದ ಮೇಷ್ಟ್ರಿಗೆ ತೋರಿಸಿ, ಅವರು ಹೌದು ಎಂದರೆ ಮಾತ್ರ ಮರು ಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ. ಕೊನೆ ದಿನಾಂಕ ಬೇಗ ಮುಗಿಯುತ್ತದೆ, ಹಾಗಾಗಿ ಕಾಲೇಜು ಆಫೀಸಿನಲ್ಲಿ ನಾಳೆಯೇ ಕೇಳಿ.

ಇನ್ನು ಕೆಲಸದ ವಿಷಯ. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಇರಲಿ, ಐಬಿಪಿಎಸ್ ನಡೆಸುವ ಬ್ಯಾಂಕ್ ಪಿಒ (ಅಧಿಕಾರಿ ಹುದ್ದೆ) ಪರೀಕ್ಷೆ ಇರಲಿ, ಡಿಗ್ರಿ ಪಾಸಾಗಿದ್ದರೆ ಸಾಕು, ಕನಿಷ್ಠ ಅಂಕದ ಮಿತಿ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಆ ಪರೀಕ್ಷೆಯ ಅಂಕವೇ. ತೊಂದರೆ ಆಗುವುದು ಬಿ.ಎಡ್.ಗೆ, ಸಾಮಾನ್ಯ ವರ್ಗಕ್ಕೆ ಶೇ. 50 ಬೇಕು. ಆದರೆ ಆ 50 ಎಂ.ಎ.ಯಲ್ಲಿ ಬಂದರೂ ಆಗುತ್ತದೆ. ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದಲ್ಲಿ ಹೆಚ್ಚಿನ ಎಂ.ಎ.ಗಳಿಗೆ ಯಾವುದೇ ಡಿಗ್ರಿ ಇದ್ದರೆ ಸೇರಬಹುದು, ಮನೆಯಲ್ಲೇ ಓದಬಹುದು, ತೋಟದ ಕೆಲಸವೂ ನಿಲ್ಲುವುದಿಲ್ಲ. ನಾನು ಹಿಡಿದದ್ದು ಇದೇ ದಾರಿ.

ಒಂದೇ ಒಂದು ಮಾತು: ಅಂಕ ಮುಚ್ಚಿಡಬೇಡಿ. ಮನೆಯಲ್ಲಿ ಇವತ್ತೇ ಹೇಳಿಬಿಡಿ.