ಗವಿಮಠಕ್ಕೆ ರೊಟ್ಟಿ ಬಡೀತಾರ್ರೀ, ಮನ್ಯಾಗ ಆಗಂಗಿಲ್ಲ ಅಂತಾರ

(ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.)

ಮನೆಯ ತಕರಾರು ಹೇಳಿಕೊಂಡು ನನ್ನ ಹತ್ತಿರ ಸಲಹೆಗೆ ಬಂದವಳು ಸೊಸೆ. ಕೊಪ್ಪಳದ ಹತ್ತಿರದ ಒಂದು ಹಳ್ಳಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಜಾಸ್ತಿ. ಕುರ್ಚಿಯಲ್ಲಿ ಕೂರೋದಕ್ಕೂ ಮೊದಲೇ ಶುರು ಮಾಡಿದಳು. "ಮೇಡಂ, ನಮ್ಮತ್ತಿ ಜಾತ್ರಿಗೆ ಅಂತ ಎರಡು ದಿನ ಕುಂತು ರೊಟ್ಟಿ ಬಡದ್ರು. ಮನ್ಯಾಗ ನಾಕು ರೊಟ್ಟಿ ಬಡೀರಿ ಅಂದ್ರ ಮೊಣಕಾಲು ಅಂತಾರ. ಇದು ನಾಟಕ ಅಲ್ಲೇನ್ರೀ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಗಾಡಿ ತುಂಬಿ ಹೋಗುತ್ತದೆ, ಓಣಿಯ ಹೆಂಗಸರು ಸಾಲಾಗಿ ಒಲೆ ಮುಂದೆ ಕೂತು ಬಡಿಯುತ್ತಾರೆ, ಅಲ್ಲಿ ತಾನಿಲ್ಲ ಅಂದರೆ ಆ ವಯಸ್ಸಿನವರಿಗೆ ಊರಲ್ಲೇ ಇಲ್ಲ ಅನ್ನಿಸಿಬಿಡುತ್ತದೆ.

"ಆ ಎರಡು ದಿನ ಆದಮೇಲೆ ಏನಾಯ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾಲ್ಕು ದಿನ ಮಲಗಿಬಿಟ್ಟಿದ್ದರಂತೆ. ಮೊಣಕಾಲು ಊದಿ, ಸಂಡಾಸಿಗೂ ಗೋಡೆ ಹಿಡಿದು ಹೋಗಿದ್ದರಂತೆ.

ಕೀಲು ಸವೆತದ ನೋವು ದಿನಾ ಒಂದೇ ಅಳತೆಯಲ್ಲಿ ಇರಲ್ಲ. ಬೆಳಗ್ಗೆ ಎದ್ದಾಗ, ತುಂಬ ಹೊತ್ತು ಕೂತು ಏಳುವಾಗ ಬಿಗಿ ಹಿಡಿಯುತ್ತದೆ, ಒಂದಿಷ್ಟು ಓಡಾಡಿದರೆ ಸಡಿಲ ಆಗುತ್ತದೆ, ಮಿತಿ ಮೀರಿ ದುಡಿದರೆ ಮರುದಿನ ಬಡ್ಡಿ ಸಮೇತ ವಸೂಲಿ. ಎಕ್ಸ್‌ರೇಯಲ್ಲಿ ತುಂಬ ಸವೆದಂತೆ ಕಂಡವರು ಆರಾಮಾಗಿ ನಡೆಯುವುದೂ ಉಂಟು, ಸ್ವಲ್ಪ ಸವೆದವರು ಒದ್ದಾಡುವುದೂ ಉಂಟು. ಹತ್ತು ಜನರ ಜೊತೆ ನಗುತ್ತಾ ಕೂತಾಗ ನೋವು ಗೊತ್ತಾಗದೇ ಇರಬಹುದು. ಅದಕ್ಕೆ ನಾಟಕ ಅಂತ ಹೆಸರಿಟ್ಟರೆ ಮನೆಯಲ್ಲಿ ಮಾತೇ ನಿಂತು ಹೋಗುತ್ತದೆ.

ಮುಂದಿನ ವಾರ ಅತ್ತೆಯೇ ಬಂದರು. ಅರವತ್ತೆಂಟು ವರ್ಷ, ಬಿಪಿ ಇದೆ, ಮೈತೂಕವೂ ಜಾಸ್ತಿ. ಸೊಸೆಯನ್ನು ಹೊರಗೆ ಕೂರಿಸಿದ ಮೇಲೆ ಮಾತು ಬಂತು. "ಕುಂತು ತಿಂದ್ರ ಮುದುಕಿ ದಂಡ ಅಂತಾರವ್ವಾ." ಆಮೇಲೆ ಸೆರಗಿನ ಗಂಟಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಚೀಟಿ ಇಲ್ಲದೆ ಅಂಗಡಿಯಿಂದ ತಂದ ಗುಳಿಗೆ. ದಿನಕ್ಕೆರಡು, ವರ್ಷದ ಮೇಲಾಯ್ತಂತೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನಗೆ ಮೊಣಕಾಲಿಗಿಂತ ಆ ಪೊಟ್ಟಣದ್ದೇ ಚಿಂತೆ ಆಯಿತು. ನೋವಿನ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಏಟು ಬೀಳಬಹುದು, ಬಿಪಿ ಏರಬಹುದು. ಹಾಗಂತ ಇವತ್ತೇ ಬಿಟ್ಟುಬಿಡಿ ಅಂತ ನಾನು ಹೇಳಲಿಲ್ಲ. ಇಂಥ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಸೇರಿರಬಹುದು, ಅದನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ. ನಾನು ಡಾಕ್ಟರ್ ಅಲ್ಲ. ಪೊಟ್ಟಣ ಹಾಗೇ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದೆ. ಅಲ್ಲಿ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ, ಗುಳಿಗೆ ಬದಲಿಸಿ, ಮೊಣಕಾಲಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಕೊಟ್ಟರು. ಎಣ್ಣೆ ತಿಕ್ಕೋದು ಬೇಡ ಅಂತ ಯಾರೂ ಅನ್ನಲಿಲ್ಲ, ಸುಖ ಅನ್ನಿಸಿದರೆ ತಿಕ್ಕಲಿ. ಜೆಲ್ ಹಚ್ಚಿದ ಜಾಗಕ್ಕೆ ಮಾತ್ರ ಬಿಸಿ ಶಾಖ ಕೊಡಬಾರದು.

ಇನ್ನು ಮನೆ. ಆ ಮನೆಯಲ್ಲಿ ಎಲ್ಲವೂ ನೆಲದ ಮೇಲೆ. ಒಲೆ, ಊಟ, ಹಾಸಿಗೆ, ಸಂಡಾಸು. ದಿನಕ್ಕೆ ಎಷ್ಟು ಸಲ ಮೊಣಕಾಲು ಪೂರ್ತಿ ಮಡಚಿ ಏಳಬೇಕು ಅಂತ ಇಬ್ಬರನ್ನೂ ಕೂರಿಸಿ ಎಣಿಸಿದೆ, ಇಪ್ಪತ್ತು ದಾಟಿತು. ಹಾಸಿಗೆ ಮಂಚಕ್ಕೆ ಏರಲಿ, ರೊಟ್ಟಿ ಕಟ್ಟೆಗೆ ಏರಲಿ, ಸಂಡಾಸಿಗೆ ಕಮೋಡ್ ಕುರ್ಚಿ ಬರಲಿ ಅಂದೆ. "ನಿಂತು ಬಡದ್ರ ರೊಟ್ಟಿ ಹರೀತಾವ" ಅಂತ ತಕರಾರು ಬಂತು. ಎತ್ತರದ ಸ್ಟೂಲ್ ಮೇಲೆ ಕೂತು ಬಡಿಯೋದು ಅಂತ ರಾಜಿ ಆಯಿತು, ಅದೂ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬರುವ ಷರತ್ತಿನ ಮೇಲೆ. ಕೋಲು ನೋವಿರುವ ಕಾಲಿನ ಕಡೆ ಹಿಡಿಯುತ್ತಿದ್ದರು, ಎಲ್ಲರೂ ಮಾಡುವ ತಪ್ಪೇ. ಅದು ಆಚೆ ಕೈಯಲ್ಲಿರಬೇಕು.

ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು ಸುಲಭದ್ದು. ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡೋದು, ಹತ್ತು ಸಲ. ತೊಡೆ ಗಟ್ಟಿಯಾದಷ್ಟೂ ಕೀಲಿಗೆ ಆಸರೆ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ, ಮರುದಿನವೂ ಜಾಸ್ತಿಯೇ ಇದ್ದರೆ ಕಡಿಮೆ ಮಾಡಿ. ಆರೆಂಟು ವಾರ ಬಿಡದೆ ಮಾಡದಿದ್ದರೆ ಫರಕು ಕಾಣಲ್ಲ. ಮೊಣಕಾಲು ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಮಾತ್ರ ಅವತ್ತೇ ಆಸ್ಪತ್ರೆಗೆ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ ಅಂದಾಗ ಅಜ್ಜಿ ಬೆರಳು ಮಡಚಿದರು. "ಐದು ಇಳದ್ರ ಇಪ್ಪತ್ತೇನವ್ವಾ? ಕಾಲು ಕ್ವಿಂಟಲ್‌ಗೆ ಐದು ಕಡಿಮಿ!"

ಸೊಸೆಗೆ ಬೇರೆಯಾಗಿ ಹೇಳಿದ್ದು ಎರಡೇ ಮಾತು. ಅತ್ತೆಯ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳಬೇಡ, ಕೂತಷ್ಟೂ ಕೀಲು ಬಿಗಿಯುತ್ತದೆ, ಮನಸ್ಸೂ ಕೂಡ. ಆಸ್ಪತ್ರೆಯ ಓಡಾಟ ಗಂಡನ ಪಾಲಿಗೆ ಬರಲಿ, ಲಾರಿ ಊರಿಗೆ ಬರುವ ದಿನ ನೋಡಿಕೊಂಡೇ ತಾರೀಖು ಬರೆಸು. ಎರಡನೆಯದಕ್ಕೆ ಅವಳು ಅತ್ತುಬಿಟ್ಟಳು. ಅವಳೂ ದಣಿದಿದ್ದಳು, ಅದನ್ನು ಯಾರೂ ಕೇಳಿರಲಿಲ್ಲ.

ಮೂರು ತಿಂಗಳಾಯಿತು. ರೊಟ್ಟಿ ಕಟ್ಟೆ ಮೇಲೆ ಆಗುತ್ತಿದೆ, ತೂಕ ಎರಡು ಕೆಜಿ ಇಳಿದಿದೆ. ಕಮೋಡ್ ಕುರ್ಚಿ ಮಾತ್ರ ಹಗಲೆಲ್ಲ ಹಳೇ ಸೀರೆ ಹೊದ್ದುಕೊಂಡು ಮೂಲೆಯಲ್ಲಿ ಇರುತ್ತದಂತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸೀರೆ ತೆಗೆಯುತ್ತಾರಂತೆ.